ಚೀಲ ಹೊದ್ದ ಕಿಲೋಮೀಟರ್ ಕಲ್ಲು

ತಪ್ಪು ಖಿಯೆಮ್‌ನದೇ. ಒದ್ದೆ ಗೋಣಿಚೀಲ ಒಣಹಾಕಲು ಜಾಗ ಕಾಣದೆ ಅವನು ಅದನ್ನು ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ತಲೆಗೆ ಹೊದಿಸಿದ್ದ.

ಒಂದನೇ ನಂಬರ್ ಹೆದ್ದಾರಿ ಚೀನಾ ಗಡಿಯಿಂದ ಹೊರಟು ವಿಯೆಟ್ನಾಮಿನ ಉದ್ದಕ್ಕೂ ಓಡುತ್ತದೆ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ನಮ್ಮೂರಿನವರಿಗೆ ಅದು ಭತ್ತ ಒಣಗಿಸುವ ಕಣ. ಅಂಚೆ ಕಚೇರಿಯೂ ಅದೇ. ಯಾರಿಗೆ ಏನೇ ಬರಲಿ, ಸೈಗಾನ್ ಬಸ್ಸಿನ ಕಂಡಕ್ಟರು ಅವರವರ ಕಲ್ಲಿನ ಹತ್ತಿರ ಇಳಿಸಿ ಹೋಗುತ್ತಾನೆ.

ಆವತ್ತು ಬರಬೇಕಾಗಿದ್ದದ್ದು ಖಿಯೆಮ್‌ನ ಅತ್ತೆಯ ಹಲ್ಲುಸೆಟ್ಟು. ಸೈಗಾನಿನ ಮಗನ ಮನೆಗೆ ಹೋದ ಮುದುಕಿ ಅದನ್ನು ಅಲ್ಲೇ ಮರೆತು ಬಂದಿದ್ದರು. ಮಧ್ಯಾಹ್ನ ಅವರ ಮೊಮ್ಮಗಳು, ಖಿಯೆಮ್‌ನ ಮಗಳು ಥಾವೊಳ ನಿಶ್ಚಿತಾರ್ಥ. ಗಂಡಿನವರು ತರುವ ಎಲೆಅಡಿಕೆಯ ತಟ್ಟೆಯನ್ನು ಮನೆಯ ಹಿರಿಯಳು ಎದುರುಗೊಂಡು, ಒಂದು ಎಲೆ ಮೆದ್ದರೆ ಮಾತ್ರ ಸಂಬಂಧ ಕುದುರಿದಂತೆ.

"ಈ ಬೊಚ್ಚು ಬಾಯಿ ಇಟ್ಕೊಂಡು ನಾನು ಹೊರಗೆ ಬರಲ್ಲ. ಮದುವೆ ನಿಂತ್ರೆ ನಿಲ್ಲಲಿ," ಅಂತ ಅತ್ತೆ ಪರದೆಯ ಹಿಂದೆ ಕೂತುಬಿಟ್ಟಿದ್ದರು.

"ಹಲ್ಲಿಲ್ಲದೆ ಮನೆಗೆ ಬರಬೇಡಿ," ಅಂತ ಹೆಂಡತಿ ಲುವಾ ಗಂಡನನ್ನು ರಸ್ತೆಗೆ ಅಟ್ಟಿದಳು.

ಹತ್ತು ಗಂಟೆಗೆ ಬಸ್ಸು ಕಾಣಿಸಿತು. ಖಿಯೆಮ್ ಎರಡೂ ಕೈ ಬೀಸಿದ. ಭತ್ತ ಕಾಯುವವರು ಆಚೆ ಸರಿದು ಹೋಗಿ ಅಂತ ಲಾರಿಗಳಿಗೆ ದಿನವಿಡೀ ಹಾಗೆಯೇ ಕೈ ಬೀಸುತ್ತಾರೆ. ಬಸ್ಸು ಹಾರ್ನ್ ಹೊಡೆದು, ಅವನ ಮುಖಕ್ಕೆ ಒಂದು ಸೇರು ಭತ್ತ ಎರಚಿ ಹೊರಟೇಹೋಯಿತು.

ಫೋನ್ ಮಾಡಿದರೆ ಕಂಡಕ್ಟರು ಇವನ ಮೇಲೇ ಹರಿಹಾಯ್ದ. "ಕಲ್ಲೇ ಇರ್ಲಿಲ್ವಲ್ಲಣ್ಣ ಅಲ್ಲಿ! ಮುಂದಿನ ಕಲ್ಲಿನ ಹತ್ರ ಇಳಿಸಿದೀನಿ." ಚೀಲ ಹೊದ್ದಿದ್ದ ಕಲ್ಲೇ ತನ್ನದು ಅಂತ ಖಿಯೆಮ್ ಒಪ್ಪಿಕೊಂಡ.

ಮುಂದಿನ ಕಲ್ಲು ಇರುವುದು ತಾಮಕ್ಕನ ಬಾತುಕೋಳಿ ಗಂಜಿಯ ಹೋಟೆಲಿನ ಎದುರು. ನಿಶ್ಚಿತಾರ್ಥಕ್ಕೆಂದು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಖಿಯೆಮ್ ಬೈಕ್ ಓಡಿಸಿದ.

"ತಾಮಕ್ಕಾ, ನನ್ನದೊಂದು ಪೊಟ್ಟಣ..."

"ನಿಂದಾ ಅದು? ನನ್ನ ತಂಗಿ ಕಳಿಸಿದ ಮೆಣಸು ಅನ್ಕೊಂಡು ಬಿಚ್ಚಿದೆ ಕಣೋ! ಒಳಗಿಂದ ಯಾರೋ ನಗ್ತಿದ್ರು! ಎದೆ ಒಡೆದು ಹೋಯ್ತು."

"ಅಕ್ಕ, ಎಲ್ಲಿದೆ ಈಗ?"

"ಕೈಯಿಂದ ಹಾರೋಯ್ತು. ಅಲ್ಲಿ." ಅವಳು ಬಾತುಕೋಳಿ ದೊಡ್ಡಿಯನ್ನು ತೋರಿಸಿದಳು.

ಖಿಯೆಮ್ ಮೊಣಕಾಲುದ್ದ ಕೆಸರಿಗೆ ಇಳಿದ. ಗಂಜಿ ಕುಡಿಯುತ್ತಿದ್ದವರೆಲ್ಲ ಬಟ್ಟಲು ಹಿಡಿದು ಬೇಲಿಗೆ ಬಂದು ನಿಂತರು. ಒಬ್ಬ ಎಡಕ್ಕೆ ಅಂದ, ಒಬ್ಬ ಬಲಕ್ಕೆ ಅಂದ. ಮೇಲಿನ ಸಾಲು ಕೆಸರಿನಲ್ಲಿ ಸಿಕ್ಕಿತು. ಕೆಳಗಿನ ಸಾಲನ್ನು ಒಂದು ಬಾತುಕೋಳಿ ಕಚ್ಚಿಕೊಂಡು ಓಡಾಡುತ್ತಿತ್ತು. ಅದನ್ನು ಹಿಡಿಯುವಷ್ಟರಲ್ಲಿ ಖಿಯೆಮ್ ಎರಡು ಸಲ ಅಂಗಾತ ಬಿದ್ದ.

"ಪಾಪ, ಆ ಬಾತುಕೋಳಿಗೇ ಒಪ್ಪುತ್ತೆ ಬಿಡೋ," ಅಂದಳು ತಾಮಕ್ಕ. ಆದರೂ ಒಂದು ಬಟ್ಟಲು ಅಕ್ಕಿ ಸಾರಾಯಿ ಕೊಟ್ಟು ಹಲ್ಲು ತೊಳೆಸಿದಳು.

ಅವನು ಮನೆ ಮುಟ್ಟಿದಾಗ ಗಂಡಿನವರ ಕಾರು ಅವನದೇ ಭತ್ತದ ಮೇಲೆ ನಿಂತಿತ್ತು. ಹಿತ್ತಲಿನಿಂದ ನುಗ್ಗಿ, ಪರದೆಯ ಸಂದಿಯಲ್ಲಿ ಹಲ್ಲು ತೂರಿಸಿದ.

"ಸಾರಾಯಿ ವಾಸನೆ!" ಅಂದರು ಅತ್ತೆ. ಆಮೇಲೆ ಹಲ್ಲು ಹಾಕಿಕೊಂಡು ಬಾಯಿ ಚಪ್ಪರಿಸಿ, "ಪರವಾಗಿಲ್ಲ, ಚೆನ್ನಾಗಿದೆ," ಅಂದರು.

ಅತ್ತೆ ಹೊರಗೆ ಬಂದರು, ತಟ್ಟೆ ಎದುರುಗೊಂಡರು, ಒಂದಲ್ಲ ಮೂರು ಎಲೆ ಮೆದ್ದರು. ಥಾವೊ ಅಪ್ಪನ ಕಡೆ ನೋಡಿ ನಕ್ಕಳು. ಖಿಯೆಮ್‌ಗೆ ಹೋದ ಜೀವ ಬಂದಂತಾಯಿತು. ಕೆಸರು ಪ್ಯಾಂಟಿನಲ್ಲೇ ಬಾಗಿಲ ಹಿಂದೆ ಕುಕ್ಕರಿಸಿ ಕೂತು ಕಣ್ಣೊರೆಸಿಕೊಂಡ.

ಬೀಗರು ಹೊರಟ ಮೇಲೆ ಸೈಗಾನಿನಿಂದ ಭಾವಮೈದ ಹಿಯೆನ್‌ನ ಫೋನ್ ಬಂತು. ಶುಭ ಸುದ್ದಿ ಎಲ್ಲರೂ ಕೇಳಲಿ ಅಂತ ಖಿಯೆಮ್ ಸ್ಪೀಕರ್ ಹಾಕಿದ.

"ಭಾವಾ, ದೊಡ್ಡ ತಪ್ಪಾಗಿದೆ. ನಾನು ಕಳಿಸಿದ್ದು ನಮ್ಮ ಮಾವನ ಹಲ್ಲು, ನನ್ನ ಹೆಂಡ್ತಿ ಅಪ್ಪಂದು. ಅಮ್ಮಂದು ಇಲ್ಲೇ ಕಿಟಕಿ ಮೇಲಿನ ಲೋಟದಲ್ಲಿದೆ. ನಾಳೆ ಮಾವನ ಎಂಬತ್ತನೇ ಹುಟ್ಟುಹಬ್ಬ, ಇಡೀ ಹಂದಿ ಸುಡಿಸ್ತಿದೀವಿ. ಇವತ್ತು ಸಂಜೆ ಬಸ್ಸಿಗೇ ಕಳಿಸಿಬಿಡಿ, ಕಂಡಕ್ಟರಿಗೆ ಹೇಳಿದೀನಿ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಬಾಯಿಗೆ ಸೆರಗಿನಂತೆ ಅಂಗೈ ಅಡ್ಡ ಹಿಡಿದರು.

"ನನ್ನ ಹಳೇದು ಅಲ್ಲಾಡ್ತಿತ್ತು. ಇದು ಗಟ್ಟಿಯಾಗಿ ಕೂತಿದೆ. ಕೊಡಲ್ಲ," ಅಂದು ಬಾಯಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ.

ಇಪ್ಪತ್ತೆರಡು ವರ್ಷಗಳಲ್ಲಿ ಆ ಬಾಯಿ ಇಷ್ಟು ಹೊತ್ತು ಮುಚ್ಚಿದ್ದನ್ನು ಖಿಯೆಮ್ ನೋಡಿರಲಿಲ್ಲ. ಮನೆ ತಣ್ಣಗಿತ್ತು. ಬೈಗುಳವಿಲ್ಲದ ಒಂದು ಮಧ್ಯಾಹ್ನ! ಅವನು ಒಂದು ಬಟ್ಟಲು ಚಹಾವನ್ನು ಪೂರ್ತಿ ಕುಡಿದ.

ಸಂಜೆ ಭತ್ತ ತುಂಬುವಾಗ ಉತ್ತರದ ಕಡೆಯಿಂದ ಹಾರ್ನ್ ಕೇಳಿಸಿತು. ಸೈಗಾನಿಗೆ ಹೋಗುವ ಬಸ್ಸು. ಖಿಯೆಮ್‌ಗೆ ಜನ್ಮದಲ್ಲಿ ಮೊದಲ ಸಲ ಒಂದು ಉಪಾಯ ಹೊಳೆಯಿತು. ಭತ್ತ ತುಂಬಲೆಂದು ತೆಗೆದಿದ್ದ ಗೋಣಿಚೀಲವನ್ನು ಓಡಿಹೋಗಿ ಮತ್ತೆ ಕಲ್ಲಿಗೆ ಹೊದಿಸಿದ. ಬುಡದವರೆಗೂ ಎಳೆದ. ಕಲ್ಲೇ ಕಾಣದಿದ್ದರೆ ಬಸ್ಸು ಯಾಕೆ ನಿಂತೀತು? ಬಸ್ಸು ನಿಲ್ಲದಿದ್ದರೆ ಅತ್ತೆಯ ಬಾಯಿ ಬಿಡಿಸುವ ಗೋಜೂ ಇಲ್ಲ. ನಿಶ್ಚಿಂತೆಯಿಂದ ಬೀಡಿ ಹಚ್ಚಿದ.

ಬಸ್ಸು ಕಿರ್ರನೆ ಅವನೆದುರೇ ನಿಂತಿತು. ಕಂಡಕ್ಟರು ಕೈ ಚಾಚಿದ.

"ಚೀಲ ಹೊದ್ಕೊಂಡಿರೋ ಕಲ್ಲು ಅಂತ ಬೆಳಗಿನ ಬಸ್ಸಿನವನು ಗುರುತು ಹೇಳಿದ್ದ ಅಣ್ಣ. ಎಲ್ಲಿ, ಬೇಗ ಕೊಡಿ, ಹಲ್ಲು!"