ಚಿಗಟದೊಳಗೆ ತಿರುಗುವ ಸೀಟು

ಈ ರಾದ್ಧಾಂತಕ್ಕೆಲ್ಲ ಮೂಲ ಒಂದು ದಿಂಬು. ಎಬೆರ್‌ನ ದಿಂಬು.

ಎಬೆರ್ ಅಂದರೆ ವಾಲ್ದೆಮಾರನ ಹೆಂಡತಿ ಮಗಾಲಿಯ ತಮ್ಮ. ಆಳು ಗಿಡ್ಡ, ಗಾಡಿ ದೊಡ್ಡದು. ಆ ಪಿಕಪ್ಪಿನ ಸ್ಟೀರಿಂಗಿನ ಮೇಲಿಂದ ರಸ್ತೆ ಕಾಣಬೇಕಾದರೆ ಅವನು ತನ್ನಡಿಗೆ ಒಂದು ಹೂವಿನ ಚಿತ್ರದ ದಿಂಬು ಹಾಕಿಕೊಳ್ಳಲೇಬೇಕು. ಮಂಗಳವಾರ ಸಂಜೆ ಆಸ್ಪತ್ರೆಯಲ್ಲಿ ನೆಂಟರೆಲ್ಲ ಮಗಾಲಿಯ ಮಂಚದ ಸುತ್ತ ನಿಂತು ಮಗುವಿನ ಮೂಗು ಯಾರದು ಎಂದು ಚರ್ಚಿಸುತ್ತಿದ್ದಾಗ ವಾಲ್ದೆಮಾರನ ನಾಲಿಗೆ ಸುಮ್ಮನಿರಲಿಲ್ಲ.

“ಏನೋ ಎಬೆರ್, ದಿಂಬು ಗಾಡೀಲೇ ಬಿಟ್ಟು ಬಂದ್ಯಾ? ತೊಟ್ಟಿಲೊಳಗಿರೋ ಮಗು ಕಾಣ್ಸುತ್ತಾ ನಿಂಗೆ?”

ನೆಂಟರು ನಕ್ಕರು. ಎಬೆರ್ ನಗಲಿಲ್ಲ.

“ನಗು ಭಾವ, ನಗು. ಗುರುವಾರ ಮನೆಗೆ ಕಳಿಸ್ತಾರಲ್ಲ, ಮಗೂನ ಆ ಚಿಗಟದಲ್ಲಿ ಹೆಂಗೆ ಕರ್ಕೊಂಡು ಹೋಗ್ತೀಯ ನಾನೂ ನೋಡ್ತೀನಿ. ಮಗುವಿನ ಸೀಟು ಇಲ್ದೆ ಇಲ್ಲಿ ಯಾರನ್ನೂ ಹೊರಗೆ ಬಿಡಲ್ಲ. ನಿನ್ನ ಕಾರಿನೊಳಗೆ ಸೀಟು ಇಟ್ರೆ ಮಗು ಹಿಡಿಸಲ್ಲ, ಮಗು ಇಟ್ರೆ ಸೀಟು ಹಿಡಿಸಲ್ಲ. ಕೊನೆಗೆ ನನ್ನ ಗಾಡೀನೇ ಗತಿ.”

ಈ ಸಲ ನೆಂಟರು ಇನ್ನೂ ಜೋರಾಗಿ ನಕ್ಕರು. ವಾಲ್ದೆಮಾರನಿಗೆ ಮೈಯೆಲ್ಲ ಉರಿದುಹೋಯಿತು. ಕಾರು ಚಿಕ್ಕದು ನಿಜ. ಅವನಿದ್ದ ಲಾ ತೇಹಾ ಬಡಾವಣೆಯ ಬೀದಿಯವರೆಲ್ಲ ಅದನ್ನು ಚಿಗಟ ಎಂದೇ ಕರೆಯುವುದೂ ನಿಜ. ಆದರೆ ಬೀದಿಯವರು ಕರೆಯುವುದು ಬೇರೆ, ಅತ್ತೆಯ ಎದುರಿಗೆ ಭಾವಮೈದ ಕರೆಯುವುದು ಬೇರೆ.

“ನನ್ನ ಮಗಳು ನನ್ನ ಕಾರಲ್ಲೇ ಮನೆಗೆ ಬರ್ತಾಳೆ. ನಾವ್ಯಾರಾದ್ರೂ ಬೇರೆಯೋರ ಗಾಡಿ ಹತ್ತಿದ್ರೆ ಕೇಳು,” ಎಂದು ಹೇಳಿ ಎದ್ದು ಬಂದ. ಬಾಗಿಲಿನ ಚೌಕಟ್ಟು ತಲೆಗೆ ತಗುಲಿತು. ಅವನು ಆರೂಕಾಲು ಅಡಿ ಎತ್ತರದ ಮನುಷ್ಯ, ಸಿಟ್ಟು ಬಂದಾಗ ಬಗ್ಗುವುದು ಮರೆತುಹೋಗುತ್ತಿತ್ತು.

ಬುಧವಾರವಿಡೀ ಕಾರನ್ನು ಅಳೆದ. ವೃತ್ತಿಯಲ್ಲಿ ಅವನು ಅಡುಗೆಮನೆಯ ಕಪಾಟು ಮಾಡುವ ಬಡಗಿ. ಅವನು ಮಾಡಿದ ಕಪಾಟಿಗೂ ಗೋಡೆಗೂ ನಡುವೆ ಇರುವೆ ಹೋಗಬೇಕಾದರೂ ಅಡ್ಡಡ್ಡ ಹೋಗಬೇಕು ಎಂದು ಹೆಸರಿತ್ತು. ಹಿಂದಿನ ಸೀಟಿನ ಅಗಲ, ಬಾಗಿಲಿನ ಬಾಯಿ, ಚಾವಣಿಯ ಎತ್ತರ, ನೆಲದ ಇಳಿಜಾರು, ಒಂದನ್ನೂ ಬಿಡದೆ ಪ್ಲೈವುಡ್ ತುಂಡಿನ ಮೇಲೆ ಬರೆದುಕೊಂಡ. ಅಳೆಯದೆ ಬಿಟ್ಟದ್ದು ಒಂದೇ ಒಂದು. ಅದು ಏನೆಂದು ಆ ಹೊತ್ತಿಗೆ ಅವನಿಗೂ ಹೊಳೆದಿರಲಿಲ್ಲ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಆಸ್ಪತ್ರೆಯ ಎದುರಿಗೇ ಇದ್ದ ಮಕ್ಕಳ ಸಾಮಾನಿನ ಅಂಗಡಿಯ ಮುಂದೆ ಚಿಗಟವನ್ನು ನಿಲ್ಲಿಸಿದ. ಬಲಗೈಯಲ್ಲಿ ಪ್ಲೈವುಡ್, ಎಡ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಜೇಬಿನಲ್ಲಿ ಮಾಟೆ ಎಂಬ ಕಹಿ ಎಲೆಯ ಕಷಾಯ ಕುಡಿಯುವ ಸೋರೆಬುರುಡೆ. ಫ್ಲಾಸ್ಕು ಇಲ್ಲದೆ ಮನೆ ಬಿಡುವುದಕ್ಕಿಂತ ಷರಾಯಿ ಇಲ್ಲದೆ ಬಿಡುವುದು ಮೇಲು ಎನ್ನುವ ಊರು ಅದು. ನಾಲ್ಕು ಗಂಟೆಗೆ ಮಗಾಲಿಯನ್ನು ಕಳಿಸುತ್ತಾರೆ. ಕೈಯಲ್ಲಿ ಮೂರು ಗಂಟೆ ಸಮಯ. ಒಂದು ಸೀಟು ಆರಿಸುವುದಕ್ಕೆ ಧಾರಾಳವಾಯಿತು.

ಅಂಗಡಿಯ ಸುಲ್ಮಾ ಮೊದಲನೆಯದನ್ನು ಹೊರಗೆ ತಂದಳು. “ಇದು ಪೂರ್ತಿ ಸುತ್ತುತ್ತೆ ನೋಡಿ. ಒಂದೇ ಕೈಯಲ್ಲಿ!”

“ನನ್ನ ಮಗಳೇನು ಬುಗುರೀನಾ, ಸುತ್ತೋಕೆ? ಕೂತ್ಕೊಳ್ಳೋ ಸೀಟು ಕೊಡಿ ಅಂದ್ರೆ!”

“ಮನೆಯೋರಿಗೆ ಆಪರೇಷನ್ ಆಗಿದೆ ಅಂದ್ರಲ್ಲ? ಹೊಟ್ಟೆ ಹೊಲಿಗೆ ಇಟ್ಕೊಂಡು ಕಾರಿನೊಳಗೆ ಬಗ್ಗಿ ಮಗು ಇಡೋಕಾಗುತ್ತಾ? ಇದಾದ್ರೆ ಬಾಗಿಲ ಕಡೆ ತಿರುಗುತ್ತೆ. ನಿಂತೇ ಕೂರಿಸಿ, ಹಿಂದಕ್ಕೆ ಮುಖ ಮಾಡಿ ತಿರುಗಿಸಿ, ಕ್ಲಿಕ್. ಅಷ್ಟೇ.”

ವಾಲ್ದೆಮಾರ ತನ್ನ ಲೆಕ್ಕದ ಮೇಲೆ ಕಣ್ಣಾಡಿಸಿದ. ಮಗಾಲಿಯ ಹೊಲಿಗೆ ಅವನ ಪ್ಲೈವುಡ್ಡಿನ ಮೇಲೆ ಇರಲಿಲ್ಲ.

ಆ ಮೊದಲನೆಯ ಸೀಟು ಬಾಗಿಲಿನೊಳಗೆ ಹೋಯಿತು, ಆದರೆ ಬಾಗಿಲು ಮುಚ್ಚಲಿಲ್ಲ. ಎರಡನೆಯದಕ್ಕೆ ಕೆಳಗೆ ನೆಲಕ್ಕೆ ಊರಲು ಒಂದು ಊರುಗಾಲು. ಅದು ಸರಿಯಾಗಿ ಕಾರಿನ ನೆಲದಲ್ಲಿದ್ದ ಸಾಮಾನು ಗೂಡಿನ ಮುಚ್ಚಳದ ಮೇಲೆ ನಿಂತಿತು. ಸುಲ್ಮಾ ಒತ್ತಿದೊಡನೆ ಮುಚ್ಚಳ ಲಟಕ್ಕೆಂದು ಮುರಿದು, ಊರುಗಾಲು ಒಳಗಿದ್ದ ಮೊಳೆಯ ಡಬ್ಬಿಗೆ ಇಳಿಯಿತು. ಅಷ್ಟು ಹೊತ್ತಿಗೆ ಬೀದಿಯ ಕೊನೆಯಿಂದ ಕಿತ್ತಳೆ ಬಣ್ಣದ ಅಂಗಿಯ ಬಾಲ್ತಸಾರ್ ಓಡಿಬಂದ. ಆ ಬೀದಿಯ ಕಾರುಗಳನ್ನು ಕಾಯುವವನು ಅವನೇ. ಒಂದು ಕಾಲದಲ್ಲಿ ಕುದುರೆ ಜೂಜಿನಲ್ಲಿ ಸವಾರನಾಗಿದ್ದನಂತೆ. ಅವನ ಹಿಂದೆಯೇ ಮೂಲೆಯಲ್ಲಿ ಹೂ ಮಾರುವ ಅಜ್ಜಿ ದೋನ್ಯಾ ಪೋಚಾ, ಗಿರಾಕಿಯನ್ನು ಅರ್ಧದಲ್ಲೇ ಬಿಟ್ಟು ಬಂದಳು.

“ಬಲಗಡೆ ಇಡಪ್ಪಾ ಸೀಟು, ಎಡಗಡೆ ಡ್ರೈವರ್ ಹಿಂದೆ ಯಾಕೆ ಒದ್ದಾಡ್ತೀಯ?” ಎಂದಳು ಪೋಚಾ.

“ಬಲಗಡೆ ಸೀಟು ಸಿಕ್ಕಿಸೋ ಕೊಂಡಿ ಬಗ್ಗಿಹೋಗಿದೆ ದೋನ್ಯಾ. ಕಪಾಟಿನ ಬಾಗಿಲು ಸಾಗಿಸ್ಬೇಕಾದ್ರೆ ತಗುಲ್ತು.”

“ಅಯ್ಯೋ, ಬಡಗಿ ಮನೆ ಬಾಗಿಲು ಯಾವಾಗ್ಲೂ ಸೊಟ್ಟನೇ.”

“ನನ್ನ ಮನೆ ಬಾಗಿಲು ನೆಟ್ಟಗಿದೆ! ಕಾರಿನ ಕೊಂಡಿ ಒಂದು ಬಗ್ಗಿದೆ, ಅಷ್ಟೇ!”

ಸುಲ್ಮಾ ಮೂರನೆಯ ಸೀಟು ತರಲು ಹೋಗುತ್ತ ಅವನ ಕಂಕುಳ ಕಡೆ ನೋಡಿದಳು. “ನೀರು ಬಿಸಿ ಇದೆಯಾ?”

ಹೀಗೆ ಕೇಳಿದ ಮೇಲೆ ಇಲ್ಲ ಅನ್ನುವ ಗಂಡಸು ಮೊಂತೆವಿದೇಯೋದಲ್ಲಿ ಇನ್ನೂ ಹುಟ್ಟಿಲ್ಲ. ವಾಲ್ದೆಮಾರ ಪ್ಲೈವುಡ್ಡನ್ನು ಕಾರಿಗೆ ಒರಗಿಸಿ, ಬುರುಡೆಗೆ ಎಲೆಪುಡಿ ತುಂಬಿ, ಕೊಳವೆ ಸಿಕ್ಕಿಸಿ ನೀರು ಹುಯ್ದ. ಮೊದಲ ಬುರುಡೆ ಬರೀ ಕಹಿ, ಧೂಳು. ಅದನ್ನು ಹುಯ್ಯುವವನೇ ಕುಡಿಯಬೇಕು. ಪೆದ್ದನ ಪಾಲು ಅಂತಲೇ ಅದಕ್ಕೆ ಹೆಸರು. ಮುಖ ಸಿಂಡರಿಸಿಕೊಂಡು ಅದನ್ನು ಕುಡಿದು, ಅದೇ ಬುರುಡೆಗೆ ಮತ್ತೆ ನೀರು ಹುಯ್ದು ಎರಡನೆಯದನ್ನು ಪೋಚಾಗೆ ಕೊಟ್ಟ, ಮೂರನೆಯದನ್ನು ಬಾಲ್ತಸಾರನಿಗೆ. ಒಂದು ಸಲ ಹುಯ್ಯಲು ನಿಂತವನು ಫ್ಲಾಸ್ಕು ಬರಿದಾಗುವ ತನಕ ಅವನೇ ಹುಯ್ಯಬೇಕು. ನಡುವೆ ಕೈ ಬದಲಾಯಿಸಿದರೆ ರುಚಿಯೂ ಕೆಡುತ್ತದೆ, ಮರ್ಯಾದೆಯೂ ಕೆಡುತ್ತದೆ.

ಮೂರನೆಯ ಸೀಟು ಬಂತು. ಬುಡ ಕಿರಿದು, ಬೆನ್ನು ನೆಟ್ಟಗೆ. ಊರುಗಾಲು ಮೊಳೆಯ ಗೂಡನ್ನು ತಪ್ಪಿಸಿ ಗಟ್ಟಿ ನೆಲದ ಮೇಲೆ ನಿಂತಿತು. ಕೊಂಡಿಗೆ ಕೂತಿತು. ಬಾಗಿಲ ಕಡೆ ತಿರುಗಿತು. ಆದರೆ ಹಿಂದಕ್ಕೆ ಮುಖ ಮಾಡಿ ತಿರುಗಿಸಿದರೆ ಡ್ರೈವರ್ ಸೀಟಿನ ಬೆನ್ನಿಗೆ ಗಕ್ಕನೆ ತಗುಲಿ ನಿಂತುಬಿಟ್ಟಿತು.

“ಡ್ರೈವರ್ ಸೀಟನ್ನ ಸ್ವಲ್ಪ ಮುಂದಕ್ಕೆ ಎಳೀರಿ,” ಎಂದಳು ಸುಲ್ಮಾ.

ವಾಲ್ದೆಮಾರ ಮುಂದೆ ಬಂದ. ಒಂದು ಕೈಯಲ್ಲಿ ಬುರುಡೆ, ಕಂಕುಳಲ್ಲಿ ಫ್ಲಾಸ್ಕು. ಅಷ್ಟರಲ್ಲಿ ಬಾಲ್ತಸಾರ್ ಕುದುರೆಯ ಬೆನ್ನಿಗೆ ಹಾರುವವನಂತೆ ಹಾರಿ ಡ್ರೈವರ್ ಸೀಟಿನಲ್ಲಿ ಕೂತಾಗಿತ್ತು.

“ನೀವು ನೀರು ಹುಯ್ಯಿರಿ ಯಜಮಾನ್ರೆ, ಇದು ನಾನು ನೋಡ್ಕೋತೀನಿ!” ಡ್ರೈವರ್ ಸೀಟು ತನ್ನ ಹಳಿಯಲ್ಲಿ ಒಂದು ಹಲ್ಲು ಮುಂದೆ ಬಂತು. ಮಗುವಿನ ಸೀಟು ತಿರುಗಲಿಲ್ಲ. ಎರಡು ಹಲ್ಲು. ಇಲ್ಲ. ಮೂರು. ಉಜ್ಜಿಕೊಂಡು ಬಂತು. ನಾಲ್ಕನೆಯ ಹಲ್ಲಿಗೆ ಸೀಟು ರೇಷ್ಮೆಯಂತೆ ಜಾರಿ ಕ್ಲಿಕ್ಕೆಂದಿತು. ಎರಡು ಸೀಟುಗಳ ನಡುವೆ ಸರಿಯಾಗಿ ಎರಡು ಬೆರಳು ಜಾಗ.

“ಡ್ರೈವರಿಗೆ ಜಾಗ ಹೆಂಗಿದೆ?” ಸುಲ್ಮಾ ಕೇಳಿದಳು.

“ಅರಮನೆ!” ಬಾಲ್ತಸಾರ್ ಕಾಲು ಚಾಚಿ ತೋರಿಸಿದ. “ಬೇಕಾದ್ರೆ ಇಲ್ಲೇ ಮಲಗ್ತೀನಿ!”

“ತಡಿ, ನಾನೊಂದ್ಸಲ ಕೂತು ನೋಡ್ತೀನಿ,” ಎಂದ ವಾಲ್ದೆಮಾರ.

“ಬುರುಡೆ ಯಾರಿಗೆ ಕೊಟ್ಟು ಕೂರ್ತೀಯಪ್ಪಾ?” ಪೋಚಾ ಸೊಂಟದ ಮೇಲೆ ಕೈಯಿಟ್ಟಳು. “ಈಗ ನನ್ನ ಸರದಿ. ಅರ್ಧಕ್ಕೆ ಬಿಟ್ಟು ಹೋಗ್ತಾರಾ ಯಾರಾದ್ರೂ? ನಿಮ್ಮಮ್ಮ ಇಷ್ಟೂ ಹೇಳಿಕೊಟ್ಟಿಲ್ವಾ?”

ತಾಯಿಯ ಹೆಸರು ಬಂದ ಮೇಲೆ ಕೂರುವುದೆಲ್ಲಿ ಬಂತು. ವಾಲ್ದೆಮಾರ ನೀರು ಹುಯ್ದ. ಸುಲ್ಮಾ ಪಟ್ಟಿ ಬಿಗಿದಳು, ಬಾಲ್ತಸಾರ್ ಮತ್ತೆ ಮತ್ತೆ ಕೂತು ಎದ್ದು ಮೆಚ್ಚಿದ, ಪೋಚಾ ಸೀಟನ್ನು ಹತ್ತು ಸಲ ತಿರುಗಿಸಿ, ನಮ್ಮ ಕಾಲದಲ್ಲಿ ಏಳು ಮಕ್ಕಳನ್ನು ತೊಡೆಯ ಮೇಲೇ ಸಾಗಿಸಿದೆವು ಎಂದು ಹನ್ನೊಂದನೆಯ ಸಲ ತಿರುಗಿಸಿದಳು. ಫ್ಲಾಸ್ಕಿನ ಕೊನೆಯ ತೊಟ್ಟು ಬೀಳುವುದಕ್ಕೂ ನಾಲ್ಕು ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ವಾಲ್ದೆಮಾರ ದುಡ್ಡು ಕೊಟ್ಟು ರಸ್ತೆ ದಾಟಿ ಓಡಿದ.

ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸ್ ನಿಲ್ಲುವ ಜಾಗದಲ್ಲೇ ಎಬೆರ್‌ನ ಪಿಕಪ್ಪು ನಿಂತಿತ್ತು. ಕನ್ನಡಿಗೆ ಗುಲಾಬಿ ಬಣ್ಣದ ರಿಬ್ಬನ್ನು ಬೇರೆ! ಏನು ಧಿಮಾಕು, ಏನು ಧೈರ್ಯ! ಇನ್ನೊಬ್ಬನ ಮಗಳಿಗೆ ಇವನ ರಿಬ್ಬನ್ನು!

“ರಿಬ್ಬನ್ ಬಿಚ್ಚಿಟ್ಕೋ,” ಎಂದ ವಾಲ್ದೆಮಾರ. “ಅಲ್ಲಿ ನೋಡು.”

ಮಗಾಲಿಯ ಗಾಲಿಕುರ್ಚಿಯನ್ನು ತಳ್ಳಿಕೊಂಡು ನರ್ಸಮ್ಮ ರಸ್ತೆ ದಾಟಿಸಿದಳು. ಅತ್ತೆ ದೋನ್ಯಾ ಇರ್ಮಾ ಚೀಲ ಹೊತ್ತು ಹಿಂದೆ ಬಂದಳು. ನರ್ಸಮ್ಮ ಸೀಟನ್ನು ಅಲ್ಲಾಡಿಸಿ ನೋಡಿದಳು, ಪಟ್ಟಿ ಎಳೆದಳು, ನಡುವೆ ಎರಡು ಬೆರಳು ತೂರಿಸಿದಳು.

“ಬಹಳ ಚೆನ್ನಾಗಿದೆ. ಇಷ್ಟು ಚಿಕ್ಕ ಕಾರಲ್ಲಿ ಇಷ್ಟು ಸರಿಯಾಗಿ ಕೂರಿಸಿದ್ದು ನಾನು ನೋಡೇ ಇಲ್ಲ.”

ವಾಲ್ದೆಮಾರನಿಗೆ ಕಣ್ಣಲ್ಲಿ ನೀರು ಬಂತು. ಸೀಟನ್ನು ಬಾಗಿಲ ಕಡೆ ತಿರುಗಿಸಿದ. ಮಗಾಲಿ ಬಗ್ಗದೆ, ನಿಂತೇ, ಮಗಳನ್ನು ಮಲಗಿಸಿದಳು. ಅವನು ತನ್ನ ಕೈಯಾರೆ ಹಿಂದಕ್ಕೆ ತಿರುಗಿಸಿದ. ಕ್ಲಿಕ್. ಮಗು ಆಕಳಿಸಿ ನಿದ್ದೆ ಹೋಯಿತು. ಎರಡು ದಿನದ ಅವಮಾನವೆಲ್ಲ ಆ ಒಂದು ಸದ್ದಿನಲ್ಲಿ ತೊಳೆದುಹೋಯಿತು.

“ಕೇಳಿಸ್ತಾ ಎಬೆರ್? ಸೀಟೂ ಹಿಡಿಸ್ತು, ಮಗೂನೂ ಹಿಡಿಸ್ತು. ಇನ್ಮೇಲೆ ಚಿಗಟ ಅನ್ನೋ ಮುಂಚೆ ಬಾಯಿ ತೊಳ್ಕೊಂಡು ಬಾ.”

ಮಗಾಲಿ ಮಗುವಿನ ಪಕ್ಕ ಕೂತಳು. ಅತ್ತೆ ಮುಂದೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ವಾಲ್ದೆಮಾರ ರಾಜಗಾಂಭೀರ್ಯದಿಂದ ಡ್ರೈವರ್ ಬಾಗಿಲು ತೆಗೆದ.

ಬಲಗಾಲು ಒಳಗೆ ಹೋಯಿತು. ಮಂಡಿ ಸ್ಟೀರಿಂಗಿಗೆ ಸಿಕ್ಕಿ ನಿಂತಿತು. ಬಲಗಾಲು ತೆಗೆದು ಎಡಗಾಲು ಹಾಕಿದ. ಅದೂ ಸಿಕ್ಕಿತು. ಮೊದಲು ಸೊಂಟ ತೂರಿಸಿ, ಆಮೇಲೆ ಕಾಲು ಎಳೆದುಕೊಳ್ಳಲು ನೋಡಿದ. ಗದ್ದಕ್ಕೆ ಮಂಡಿ, ಹಾರನ್ನಿಗೆ ಎದೆ. ಹಾರನ್ನು ಬಡಿದುಕೊಂಡಿತು, ಮಗು ಚೀರಿ ಎದ್ದಿತು.

“ಏನೋ ಅದು ಆಟ?” ಅತ್ತೆ ಗದರಿಸಿದಳು.

ಅವನು ಸದ್ದಿಲ್ಲದೆ ಸೀಟಿನ ಕೆಳಗೆ ಕೈ ಹಾಕಿ ಹಿಂದಕ್ಕೆ ಸರಿಸಲು ನೋಡಿದ. ನರ್ಸಮ್ಮ ಕಿಟಕಿಯಿಂದಲೇ ಕೈಗೆ ಒಂದು ಕೊಟ್ಟಳು.

“ಮುಟ್ಬೇಡಿ! ಆ ಎರಡು ಬೆರಳು ಜಾಗ ಹೋದ್ರೆ ಮಗೂನ ವಾಪಸ್ ಒಳಗೆ ಕರ್ಕೊಂಡು ಹೋಗ್ತೀನಿ.”

“ನರ್ಸಮ್ಮಾ, ಎಷ್ಟು ದಿನ ಹಿಂಗೆ ಹಿಂದಕ್ಕೆ ಮುಖ ಮಾಡಿರ್ಬೇಕು?”

“ಕಡಿಮೆ ಅಂದ್ರೆ ಹದಿನೈದು ತಿಂಗಳು. ಮಗಳ ಮೇಲೆ ಪ್ರೀತಿ ಇದ್ರೆ ನಾಲ್ಕು ವರ್ಷ.”

ವಾಲ್ದೆಮಾರ ಹೊರಗೆ ಬಂದು ರಸ್ತೆಯ ಆಚೆ ನೋಡಿದ. ಬಾಲ್ತಸಾರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಗೆದ್ದ ಕುದುರೆಯನ್ನು ನೋಡುವವನಂತೆ ಕಾರನ್ನು ನೋಡಿ ಕೈ ಬೀಸುತ್ತಿದ್ದ. ನಾಲ್ಕೂ ಮುಕ್ಕಾಲು ಅಡಿ. ಅರಮನೆಯಂತೆ! ಆ ಕುಳ್ಳನ ಅಳತೆಗೆ ಸೀಟು ಕೂರಿಸಿಕೊಂಡು, ಕಾರನ್ನೆಲ್ಲ ಅಳೆದ ಬಡಗಿ ತನ್ನ ಕಾಲನ್ನೇ ಅಳೆದಿರಲಿಲ್ಲ.

“ಸೀಟು ಬಿಚ್ಚಿ ಬೇರೆ ತರ ಕೂರಿಸೋಣ,” ಎಂದ.

“ಯಾರೂ ಏನೂ ಬಿಚ್ಬೇಡಿ!” ಮಗಾಲಿ ಒಳಗಿಂದ ಕೂಗಿದಳು. “ಮಗು ಈಗ ತಾನೇ ಮತ್ತೆ ಕಣ್ಮುಚ್ಚಿದೆ. ನಂಗೆ ಹೊಲಿಗೆ ಎಳೀತಿದೆ. ಇದೊಂದೇ ನಂಗೆ ಬಗ್ಗದೆ ಆಗೋ ಸೀಟು, ಮುಟ್ಟಿದ್ರೆ ನೋಡಿ. ಓಡಿಸೋರು ಯಾರಾದ್ರೂ ಕೂತ್ಕೊಂಡು ಓಡಿಸಿ!”

ಎಲ್ಲರ ಕಣ್ಣೂ ಒಬ್ಬನ ಕಡೆಗೇ ತಿರುಗಿತು.

ಎಬೆರ್ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಪಿಕಪ್ಪಿನಿಂದ ದಿಂಬು ತೆಗೆದು ತಂದು, ಚಿಗಟದೊಳಗೆ ಕೂತು ನೋಡಿ, ದಿಂಬನ್ನು ಭಾವನ ಕೈಗೆ ಕೊಟ್ಟ.

“ದಿಂಬು ಬೇಡ ಭಾವ. ನನಗೇ ಅಳತೆ ತಗೊಂಡು ಮಾಡಿದಂಗಿದೆ. ತಗೋ, ಪಿಕಪ್ಪಿನ ಬೀಗದಕೈ. ಬೇಗ ತೆಗಿ, ಆಂಬುಲೆನ್ಸ್ ಬಂತು.”

ಚಿಗಟ ಮೆಲ್ಲಗೆ ಹೊರಟುಹೋಯಿತು. ಆಸ್ಪತ್ರೆಯ ಕಾವಲುಗಾರ ಸೀಟಿ ಊದತೊಡಗಿದ. ಬೇರೆಯವರ ಗಾಡಿ ಹತ್ತುವುದಿಲ್ಲ ಎಂದು ಆಣೆಯಿಟ್ಟಿದ್ದ ವಾಲ್ದೆಮಾರ ದಿಂಬು ಅಪ್ಪಿಕೊಂಡು ಪಿಕಪ್ಪು ಹತ್ತಿದ. ಸೀಟು ಹಿಂದಕ್ಕೆ ಸರಿಸಿದ. ಬೆಳಗಿನಿಂದ ಮೊದಲ ಸಲ ಕಾಲು ಆರಾಮವಾಗಿ ಚಾಚಿತು. ಅದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು.

ಲಾ ತೇಹಾ ಮುಟ್ಟುವಷ್ಟರಲ್ಲಿ ಬೀದಿಯೆಲ್ಲ ಬಾಗಿಲಲ್ಲಿ ಸೇರಿತ್ತು. ಗುಲಾಬಿ ರಿಬ್ಬನ್ನಿನ ಪಿಕಪ್ಪು ಕಂಡದ್ದೇ ನಾಲ್ಕು ಜನ ಓಡಿಬಂದು ಒಳಗೆ ಇಣುಕಿ, ದಿಂಬು ಕಂಡು, ನಿರಾಸೆಯಿಂದ ವಾಪಸಾದರು. ಎಬೆರ್ ಚಿಗಟದ ಬಾಗಿಲು ತೆಗೆದು ನಿಂತು, ಸೀಟು ಹೇಗೆ ತಿರುಗುತ್ತದೆ ಎಂದು ಎಲ್ಲರಿಗೂ ತೋರಿಸುತ್ತಿದ್ದ. ಕ್ಲಿಕ್, ಕ್ಲಿಕ್.

“ಭಾವ, ಮುಂದಿನ ಮಂಗಳವಾರ ಡಾಕ್ಟರ ಹತ್ರ ಹೋಗ್ಬೇಕಂತೆ. ಎಂಟೂವರೆಗೆ ಬರ್ತೀನಿ. ಆಮೇಲೆ ಚುಚ್ಚುಮದ್ದಿಗೆ ಪ್ರತಿ ಸಲಾನೂ. ಯೋಚ್ನೆ ಮಾಡ್ಬೇಡ,” ಎಂದು ಕೂಗಿದ.

“ಪಾಪ, ಎಬೆರ್‌ಗೆ ಗಂಟಲು ಒಣಗಿರುತ್ತೆ. ಮಾಟೆ ಮಾಡಿಕೊಡೋ,” ಎಂದಳು ಅತ್ತೆ.

ವಾಲ್ದೆಮಾರ ಒಳಗೆ ಹೋಗಿ ನೀರು ಕಾಯಿಸಿ ತಂದ. ಬುರುಡೆಗೆ ಹೊಸ ಎಲೆಪುಡಿ ತುಂಬಿ ನೀರು ಹುಯ್ದ. ಎಬೆರ್ ಕೈ ನೀಡಿದ.

“ತಡಿಯೋ,” ಎಂದ ವಾಲ್ದೆಮಾರ. “ಮೊದಲನೇದು ನಂದು.”

ಕೊಳವೆಗೆ ಬಾಯಿಟ್ಟು, ಪೆದ್ದನ ಪಾಲನ್ನು ಕೊನೆಯ ಹನಿಯ ತನಕ ಹೀರಿದ.