ನಕ್ಸೋಸ್ ದ್ವೀಪದಲ್ಲಿ ಎರಡು ವಿಳಾಸ

ಕಂಪನಿಯ ಖರೀದಿ ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಮೂರು ಕಡೆಯಿಂದ ದರದ ಕೊಟೇಶನ್ ಕೈಗೆ ಬರದೆ ಅವನು ಒಂದು ಚಪ್ಪಲಿಯನ್ನೂ ಕೊಳ್ಳಲಾರ. ನನಗೆ ಈ ಕಾಯಿಲೆ ಇದೆ ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಇಡೀ ಜೀವನದಲ್ಲಿ ಒಂದೇ ಕೊಟೇಶನ್ ನೋಡಿ ಒಪ್ಪಿದ್ದು ನನ್ನ ಮದುವೆಯೊಂದನ್ನೇ. ಈ ಮಾತನ್ನು ಒಮ್ಮೆ ನಾಲ್ಕು ಜನರ ಮುಂದೆ ತಮಾಷೆಗೆಂದು ಹೇಳಿಬಿಟ್ಟೆ. ಆಮೇಲೆ ಒಂದು ವಾರ ನಮ್ಮ ಮನೆಯ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ಮಗಳು ಓದಲು ಮೈಸೂರಿಗೆ ಹೋದ ಮೇಲೆ ದೋಹಾದ ಮದೀನತ್ ಖಲೀಫಾದಲ್ಲಿರುವ ನಮ್ಮ ಮನೆಯಲ್ಲಿ ಉಳಿದದ್ದು ನಾನು, ಹೆಂಡತಿ ವಿಮಲಾ ಮತ್ತು ಏಸಿಯ ಸದ್ದು. ಈದ್ ರಜೆಗೆ ಗ್ರೀಸ್ ದೇಶದ ನಕ್ಸೋಸ್ ದ್ವೀಪಕ್ಕೆ ಹೋಗೋಣ ಎಂದವಳು ಅವಳೇ. ನಾನು ತಕ್ಷಣ ಪೆನ್ನು ತೆಗೆದು, "ಏನೇನು ಇರ್ಬೇಕು ಹೇಳು, ಬರ್ಕೋತೀನಿ" ಎಂದೆ.

"ಬರ್ಕೊಳೋ ಅಷ್ಟೇನಿಲ್ಲ ರೀ. ಒಂದು ವಾರ ನಾನು ಒಲೆ ಮುಖ ನೋಡಲ್ಲ. ಕಿಟಕಿ ತೆಗೆದ್ರೆ ಸಮುದ್ರ ಕಾಣ್ಬೇಕು. ನಾವಿಬ್ರೇ ಹೋಗ್ಬೇಕು. ಅಷ್ಟೆ."

ಇಷ್ಟು ಸ್ಪಷ್ಟವಾದ ಬೇಡಿಕೆ ನಮ್ಮ ಕಂಪನಿಯಲ್ಲಿ ಯಾವ ಎಂಜಿನಿಯರೂ ಇದುವರೆಗೆ ಬರೆದುಕೊಟ್ಟಿಲ್ಲ. ಬುದ್ಧಿ ಇದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ಲ್ಯಾಪ್‌ಟಾಪ್ ತೆರೆದು ಹದಿನಾಲ್ಕು ತಂಗುಮನೆಗಳ ಪಟ್ಟಿ ಮಾಡಿದೆ, ಪ್ರತಿಯೊಂದಕ್ಕೂ ಪ್ರಶ್ನೆಗಳನ್ನು ಕಳಿಸಿದೆ. ಮೆಟ್ಟಿಲು ಎಷ್ಟು? ಹಿಡಿದುಕೊಳ್ಳಲು ಕಂಬಿ ಇದೆಯೇ? ಶೌಚಾಲಯದಲ್ಲಿ ನೀರಿನ ಪೈಪು ಇದೆಯೇ, ಅಥವಾ ಕಾಗದವೇ ಗತಿಯೇ? ಹತ್ತಿರದಲ್ಲಿ ಮೊಸರು ಸಿಗುತ್ತದೆಯೇ? ಗ್ರೀಸಿನವರನ್ನು ಮೊಸರು ಸಿಗುತ್ತದೆಯೇ ಎಂದು ಕೇಳುವುದು ಮದ್ದೂರಿನವರನ್ನು ನಿಮಗೆ ವಡೆ ಗೊತ್ತೇ ಎಂದು ಕೇಳಿದ ಹಾಗೆ ಎಂಬುದು ನನಗಾಗ ತಿಳಿದಿರಲಿಲ್ಲ. ಉತ್ತರ ಕೊಡಲು ಗುರುವಾರ ಸಂಜೆಯವರೆಗೆ ಗಡುವನ್ನೂ ಕೊಟ್ಟಿದ್ದೆ.

ಹದಿಮೂರು ಮಂದಿ ಉತ್ತರಿಸಲಿಲ್ಲ. ಕತೆರೀನಾ ಎಂಬ ಅಜ್ಜಿ ಮಾತ್ರ ಬರೆದಳು: "ಸ್ವಾಮಿ, ನೀವು ರಜೆಗೆ ಬರುತ್ತಿದ್ದೀರೋ, ತಪಾಸಣೆಗೋ? ಕೋಣೆ ಒಂದಿದೆ. ಸಮುದ್ರ ಎದುರಿಗಿದೆ. ಬೆಳಗಿನ ತಿಂಡಿ ನಾನು ಮಾಡುತ್ತೇನೆ." ಕೇಳಿದ ಪ್ರಶ್ನೆಗಳಿಗೆ ಉತ್ತರವಿಲ್ಲವೆಂಬ ಕಾರಣಕ್ಕೆ ನಾನು ಅವಳ ಹೆಸರಿನ ಮುಂದೆ 'ತಿರಸ್ಕೃತ' ಎಂದು ಕೆಂಪಕ್ಷರದಲ್ಲಿ ನಮೂದಿಸಿದೆ. ವಿಮಲಾ ಕಾಫಿ ಕೊಡಲು ಬಂದವಳು ಹಿಂದೆ ನಿಂತು ಅದನ್ನು ಓದಿದಳು.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಕತಾರಿನಲ್ಲಿರುವ ಯಾವ ಕನ್ನಡಿಗನೂ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಕೇಳದೆ ಮಿಕ್ಸಿಯನ್ನೂ ರಿಪೇರಿಗೆ ಕೊಡುವುದಿಲ್ಲ. "ನಕ್ಸೋಸಿನಲ್ಲಿ ಉಳಿಯಲು ಒಳ್ಳೆಯ ಜಾಗ ಯಾರಿಗಾದರೂ ಗೊತ್ತೇ?" ಎಂದು ನಾನೂ ಹಾಕಿದೆ. ಯಾರಿಗೂ ಗೊತ್ತಿರಲಿಲ್ಲ. ಆದರೆ ನಾವು ಹೋಗುತ್ತಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ನಮ್ಮದು ಗೋಡೆ ಎಬ್ಬಿಸಿ ಪಾಲು ಮಾಡಿ ಬಾಡಿಗೆಗೆ ಕೊಟ್ಟ ವಿಲ್ಲಾ. ಗೋಡೆಯಾಚೆಗಿನ ಪಾಲಿನಲ್ಲಿ ಉಡುಪಿ ಕಡೆಯ ಲಾರೆನ್ಸ್ ಮತ್ತು ಅವರ ಹೆಂಡತಿ ಗ್ಲಾಡಿಸ್ ಇದ್ದಾರೆ. ಲಾರೆನ್ಸ್ ಹತ್ತೇ ನಿಮಿಷದಲ್ಲಿ ಬಾಗಿಲು ಬಡಿದರು.

"ಎಂತ ಮಾರಾಯ್ರೆ, ನೀವಿಬ್ಬರೇ ಹೋಗುವುದಾ? ನಾವೂ ಬರ್ತೇವೆ. ದೊಡ್ಡ ಮನೆಯೇ ತೆಕ್ಕೊಳ್ಳುವ. ಒಳ್ಳೆ ಕಿಚನ್ ಇದ್ರೆ ಆಯ್ತು, ಮೀನು ಅಲ್ಲಿಯೇ ಸಿಗ್ತದೆ. ಯಲ್ಲಾ, ಬೇಗ ಬುಕ್ ಮಾಡಿ!"

ನನಗೆ ಬೇಡ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. "ಅದಕ್ಕೇನಂತೆ, ಬನ್ನಿ" ಎಂದೆ. ಅದು ಗುಂಪಿಗೂ ತಲುಪಿ, ಆಫೀಸಿನ ರಘು ತನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು ಅತ್ತೆಯೊಂದಿಗೆ ಸೇರಿಕೊಂಡ. ಒಟ್ಟು ಒಂಬತ್ತು ಜನ. ಅಷ್ಟು ಜನಕ್ಕೆ ಸಮುದ್ರದ ಎದುರು ಮನೆ ಸಿಗಲಿಲ್ಲ. ಊರೊಳಗೆ ನಾಲ್ಕು ಕೋಣೆಯ ಮನೆಯೊಂದು ಸಿಕ್ಕಿತು. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ತುದಿಗಾಲಲ್ಲಿ ನಿಂತರೆ ಸಮುದ್ರ ಕಾಣುತ್ತದಂತೆ. ಅಡುಗೆಮನೆಯಲ್ಲಿ ಐದು ಬರ್ನರಿನ ಒಲೆ. ನಾನು ಹೆಮ್ಮೆಯಿಂದ ವಿಮಲಾಗೆ ಅದರ ಫೋಟೋ ತೋರಿಸಿದೆ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿದೆ. ನನ್ನ ವೀಸಾ ಫಾರ್ಮ್ ನಾನೇ ತುಂಬ್ಕೋತೀನಿ" ಎಂದಳು. ಜಗಳವಾಡದೆ ಒಪ್ಪಿದಳಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ವೀಸಾ ಕೌಂಟರಿನಲ್ಲಿದ್ದ ಹುಡುಗಿ ಎರಡೂ ಫಾರ್ಮುಗಳನ್ನು ಪಕ್ಕಪಕ್ಕ ಇಟ್ಟು ಹುಬ್ಬು ಗಂಟಿಕ್ಕಿದಳು. "ಸರ್, ನೀವು ಗಂಡ ಹೆಂಡತಿ. ಆದರೆ ನಕ್ಸೋಸಿನಲ್ಲಿ ನಿಮ್ಮ ವಿಳಾಸ ಬೇರೆ, ಮೇಡಂ ವಿಳಾಸ ಬೇರೆ ಇದೆಯಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಟೈಪಿಂಗ್ ತಪ್ಪಿರಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ವಿಮಲಾ ಶಾಂತವಾಗಿ, "ತಪ್ಪಿಲ್ಲ. ದ್ವೀಪ ಒಂದೇ, ನಡೆದರೆ ಹದಿನೈದು ನಿಮಿಷ" ಎಂದಳು. ನೀವಿಬ್ಬರೂ ಬೇರೆಯಾಗಿದ್ದೀರಾ ಎಂದು ಹುಡುಗಿ ತಗ್ಗಿದ ದನಿಯಲ್ಲಿ ವಿಚಾರಿಸಿದಳು. "ಇಲ್ಲ, ರಜೆಗೆ ಹೋಗ್ತಿದೀವಿ" ಎಂದಳು ನನ್ನವಳು. ಹುಡುಗಿ ನನ್ನನ್ನು ನೋಡಿದ ನೋಟದಲ್ಲಿ ಎಷ್ಟು ಕನಿಕರವಿತ್ತು ಎಂದರೆ, ನನ್ನ ಫೋಟೋದಲ್ಲಿ ಕಿವಿ ಸರಿಯಾಗಿ ಕಾಣದಿದ್ದರೂ ಅವಳು ಸುಮ್ಮನೆ ತೆಗೆದುಕೊಂಡಳು.

ವಿಮಲಾ ಬರೆದಿದ್ದ ವಿಳಾಸ ಕತೆರೀನಾ ಅಜ್ಜಿಯ ಮನೆಯದು. ಕೆಂಪಕ್ಷರದ ಸಾಲಿನಿಂದ ಇಮೇಲ್ ವಿಳಾಸ ಎತ್ತಿಕೊಂಡು, ಒಲೆಯ ಫೋಟೋ ನೋಡಿದ ದಿನವೇ ಅಲ್ಲಿ ಕೋಣೆ ಬುಕ್ ಮಾಡಿದ್ದಳು. ಕಾರಿನಲ್ಲಿ ನಾನು ಮುಖ ಊದಿಸಿಕೊಂಡಿದ್ದಾಗ ಅವಳೇ ಮಾತೆತ್ತಿದಳು. "ಮೂರೇ ಮೂರು ವಿಷಯ ಕೇಳಿದ್ದೆ ರೀ. ಮೂರರಲ್ಲಿ ಒಂದಾದ್ರೂ ಉಳಿಸ್ಬಾರ್ದಿತ್ತಾ? ಅಲ್ಲಿ ದೊಡ್ಡ ಮಂಚಾನೇ ಇದೆ. ನೀವು ಬರೋದಾದ್ರೆ ಬನ್ನಿ. ಆದ್ರೆ ಒಬ್ರೇ ಬನ್ನಿ." ನನಗೆ ನಿಜವಾಗಿ ನಾಚಿಕೆಯಾಯಿತು. ಆದರೆ ದೊಡ್ಡ ಮನೆ ನನ್ನ ಹೆಸರಿನಲ್ಲಿತ್ತು. ಬೀಗದ ಕೈ, ಬಿಸಿನೀರು, ಕಟ್ಟಿಕೊಳ್ಳುವ ಮೋರಿ ಎಲ್ಲಕ್ಕೂ ಅಲ್ಲಿ ನಾನೇ ಜವಾಬ್ದಾರ, ಬಿಟ್ಟು ಬರುವ ಹಾಗಿರಲಿಲ್ಲ.

ನಕ್ಸೋಸಿನಲ್ಲಿ ಇಳಿದ ದಿನವೇ ಗ್ಲಾಡಿಸ್‌ಗೆ ವಿಷಯ ತಿಳಿಯಿತು. "ವಿಮಲಕ್ಕ ಅಡುಗೆ ಮಾಡುವುದಿಲ್ಲ ಅಂದ್ರೆ ನಾನು ಸಹ ಮಾಡುವುದಿಲ್ಲ. ಖಲಾಸ್" ಎಂದು ಅವರು ಈಜಲು ಹೊರಟುಹೋದರು. ರಘುವಿನ ಹೆಂಡತಿ ಮಕ್ಕಳ ಕೈ ಹಿಡಿದುಕೊಂಡು ಹಿಂಬಾಲಿಸಿದಳು. ಐದು ಬರ್ನರಿನ ಮುಂದೆ ಉಳಿದವರು ಮೂವರು ಗಂಡಸರು. ಹಿಂದೆ ಕುರ್ಚಿ ಹಾಕಿಕೊಂಡು, ಬೇಳೆ ಬೆಂದಿಲ್ಲ ಎಂದು ಹೇಳಲು ರಘುವಿನ ಅತ್ತೆ. ಲಾರೆನ್ಸ್ ಮೀನು ಹುರಿದರು, ರಘು ಪಾತ್ರೆ ತೊಳೆದ, ನಾನು ದಿನವೂ ಎಂಟು ಜನಕ್ಕೆ ಅನ್ನ ಸಾರು ಮಾಡಿದೆ.

ಮೂರನೆಯ ದಿನ ಬಿಸಿಬೇಳೆ ಬಾತ್ ತಕ್ಕಮಟ್ಟಿಗೆ ಕುದುರಿತು. ತಪ್ಪೊಪ್ಪಿಕೊಂಡ ಹಾಗೂ ಆಗುತ್ತದೆ ಎಂದು ಒಂದು ಡಬ್ಬಿಗೆ ಹಾಕಿಕೊಂಡು, ಬೆವರು ಸುರಿಸುತ್ತಾ ಅಜ್ಜಿಯ ಮನೆಗೆ ನಡೆದೆ. ಮೇಲಿನ ಬಾಲ್ಕನಿಯಲ್ಲಿ ವಿಮಲಾ ಕಾಲು ಚಾಚಿಕೊಂಡು, ಜೇನು ಸುರಿದ ಮೊಸರನ್ನು ಚಮಚದಲ್ಲಿ ತಿನ್ನುತ್ತಿದ್ದಳು. ಎದುರಿಗೆ ಸಮುದ್ರ. ಇಷ್ಟು ನೆಮ್ಮದಿಯಾಗಿ ಅವಳು ಕೂತಿದ್ದನ್ನು ನಾನು ಹಿಂದೆ ಯಾವಾಗ ನೋಡಿದ್ದೆನೋ ನೆನಪಾಗಲಿಲ್ಲ. ಗೇಟಿಗೆ ಬಂದ ಕತೆರೀನಾ ನನ್ನ ಸಾರಿನ ಕಲೆಯ ಅಂಗಿಯನ್ನೂ ಡಬ್ಬಿಯನ್ನೂ ನೋಡಿದಳು. "ಓ, ಡೆಲಿವರಿ!" ಎಂದು ಡಬ್ಬಿ ಇಸಿದುಕೊಂಡು, ನನ್ನ ಅಂಗೈಗೆ ಒಂದು ನಾಣ್ಯ ಒತ್ತಿದಳು.

ಇವರು ನನ್ನ ಗಂಡ ಎಂದು ವಿಮಲಾ ಹೇಳಲಿ ಅಂತ ಮೇಲೆ ನೋಡಿದೆ. ಅವಳು, ಅಜ್ಜಿ ಮೇಲೆ ತಂದುಕೊಟ್ಟ ಬಾತಿನ ರುಚಿ ನೋಡುವವರೆಗೂ ನನ್ನನ್ನು ಕಾಯಿಸಿ, ಬಾಲ್ಕನಿಯಿಂದ ಬಗ್ಗಿ ಹೇಳಿದಳು: "ಚೆನ್ನಾಗಿದೆ ರೀ. ನಾಳೆ ಸ್ವಲ್ಪ ಉಪ್ಪು ಕಡಿಮೆ ಹಾಕಿ."

ಮಾರನೆಯ ದಿನ ಉಪ್ಪು ಕಡಿಮೆ ಹಾಕಿ, ಹತ್ತು ನಿಮಿಷ ಮೊದಲೇ ಹೋದೆ.