ಹೆಡ್‌ಮಾಸ್ಟರ ಕಡೆ ಹೊರಟ ಸಾಲಿಟಾನ್

ಭೌತಶಾಸ್ತ್ರ ಓದಿದವನಿಗೆ ಹೆಂಡತಿಯನ್ನು ನೋಡಲು ನೆಪಕ್ಕೆ ಬರವೇ? ನಾನು ಹೊಳೆನರಸೀಪುರದಲ್ಲಿ ಕಾಲೇಜು ಮೇಷ್ಟ್ರು. ಮದುವೆಯಾದ ಹೊಸತರಲ್ಲೇ ನನ್ನ ಶ್ರೀಮತಿ ಸುಜಾತಾಗೆ ಅರಕಲಗೂಡಿನ ಹೈಸ್ಕೂಲಿಗೆ ವರ್ಗವಾಯಿತು. ಸಂಜೆ ಮರೆತು ಎರಡು ಲೋಟ ಕಾಫಿ ಬೆರೆಸಿ, ಎರಡನ್ನೂ ನಾನೇ ಕುಡಿಯುತ್ತಿದ್ದೆ.

ಕೊನೆಗೊಂದು ಬುಧವಾರ ಅವಳ ಶಾಲೆಯ ವಿಜ್ಞಾನ ಉಪನ್ಯಾಸಕ್ಕೆ ನನ್ನನ್ನು ನಾನೇ ಆಹ್ವಾನಿಸಿಕೊಂಡೆ! ವಿಷಯ, ಸಾಲಿಟಾನ್. ಅಂದರೆ ಚದುರದೆ, ಕರಗದೆ, ಒಂಟಿಯಾಗಿ ಸಾಗುವ ಅಲೆ.

ಉದ್ದನೆಯ ಎಲಾಸ್ಟಿಕ್ಕಿಗೆ ಸಾಲಾಗಿ ಪಿನ್ನು ನೇತುಹಾಕಿ, ಒಂದು ಪೂರ್ತಿ ಸುತ್ತು ತಿರುಚಿದೆ. ಆ ತಿರುಚೇ ನಮ್ಮ ಸಾಲಿಟಾನ್. ಒಂದೇ ಸಮ ಅಲ್ಲಾಡಿಸಿದರೆ ಅದು ನಿಂತಲ್ಲೇ ತೂಗಾಡುತ್ತದೆ. ಆ ಕಡೆ ಮೆಲ್ಲಗೆ, ಈ ಕಡೆ ರಪ್ಪನೆ ಅಲ್ಲಾಡಿಸಿದರೆ ಒಂದೇ ದಿಕ್ಕಿಗೆ ನಡೆಯುತ್ತದೆ. ಅಲ್ಲಾಡಿಸಲು ಗುಜರಿಯಿಂದ ಕಾರಿನ ವೈಪರ್ ಮೋಟಾರು ತಂದಿದ್ದೆ.

ಬಲತುದಿಯಲ್ಲಿ ಸುಜಾತಾ, ಎಡತುದಿಯಲ್ಲಿ ಶಾಲು ಹೊದ್ದ ಹೆಡ್‌ಮಾಸ್ಟರು.

"ಮಕ್ಕಳೇ, ಈಗ ಇದು ಸೀದಾ ನಿಮ್ಮ ಮೇಡಂ ಹತ್ತಿರ ಬರುತ್ತದೆ!" ಎಂದು ಘೋಷಿಸಿ ಸ್ವಿಚ್ ಒತ್ತಿದೆ. ಸುಜಾತಾ ನಾಚಿ ನೆಲ ನೋಡಿದಳು.

ಸಾಲಿಟಾನ್ ಎಡಕ್ಕೆ ಹೊರಟಿತು!

"ಏನ್ಸಾ ಇದು, ನನ್ ತಾವ್ಕೇ ಬತ್ತಾ ಐತಲ್ಲ!" ಎಂದು ಹೆಡ್‌ಮಾಸ್ಟರು ಕೌತುಕದಿಂದ ಬಗ್ಗಿದರು.

ಮೋಟಾರಿನ ತಂತಿಗಳನ್ನು ಉಲ್ಟಾ ಕೊಟ್ಟಿದ್ದೆ. ಆರಿಸುವ ಬದಲು ಗಾಬರಿಯಲ್ಲಿ ವೇಗ ಹೆಚ್ಚಿಸಿದೆ. ಎಲಾಸ್ಟಿಕ್ ಕಿತ್ತು ಚಟ್ಟನೆ ಹಾರಿತು. ಪಿನ್ನುಗಳ ಸಮಸ್ತ ಪರಿವಾರ ಶಾಲನ್ನು ಸುತ್ತಿಕೊಂಡಿತು!

"ಅಳ್ಳಾಡ್ಬೇಡಿ ಸಾ," ಎಂದೆ. "ನಾನೆಲ್ಲಿ ಅಳ್ಳಾಡ್ತಿದೀನ್ರೀ? ಮೋಟ್ರು ಎಳೀತೈತೆ!" ಎಂದರು.

ಅಂದಿನ ಉಳಿದ ಮಧ್ಯಾಹ್ನವೆಲ್ಲ ಅವರ ಶಾಲಿನಿಂದ ಪಿನ್ನು ಬಿಡಿಸುವುದರಲ್ಲೇ ಕಳೆಯಿತು. ಬಸ್ ನಿಲ್ದಾಣಕ್ಕೆ ಬಿಡಲು ಬಂದ ಸುಜಾತಾ ಮೆಲ್ಲಗೆ ಹೇಳಿದಳು:

"ಊಟ ಆದ್ಮೇಲೆ ಅರ್ಧ ದಿನ ರಜಾ ಹಾಕಿದ್ದೆ ಕಣ್ರೀ. ನಿಮ್ ಜೊತೆ ಸುಮ್ನೆ ಕೂತ್ಕೊಳೋಣ ಅಂತ."

"ಮೊದಲೇ ಹೇಳಬಾರದಿತ್ತೇನೇ?"

"ನೋಡ್ಬೇಕು ಅನ್ಸಿದ್ರೆ ಸುಮ್ನೆ ಬರ್ಬೋದಿತ್ತಲ್ಲ. ಭಾಷಣ ಯಾಕ್ ಬೇಕಿತ್ತು?"

ಬಸ್ಸು ಹತ್ತಿ, ಅವಳು ಮರೆಯಾಗುವವರೆಗೂ ಕಿಟಕಿಯಿಂದ ಕತ್ತು ಹೊರಳಿಸಿ ನೋಡುತ್ತಲೇ ಇದ್ದೆ. ಕಂಡಕ್ಟರ್ ಬಂದ.

"ಒಳೇನರ್ಸೀಪುರಾನಾ? ಇದು ಆಸನದ್ ಬಸ್ಸು ಕಣಣ್ಣ, ಇಳ್ಕೊ!"

ಅಷ್ಟು ಸಂತೋಷದಿಂದ ಯಾವ ಬಸ್ಸಿನಿಂದಲೂ ಇಳಿದವನಲ್ಲ ನಾನು. ನಿಲ್ದಾಣದವರೆಗೂ ಏದುಸಿರು ಬಿಡುತ್ತ ಓಡಿದೆ.

ಅವಳು ಆಗಲೇ ಹೊರಟುಹೋಗಿದ್ದಳು.